ಮೈ ನಮ್ಮದು, ಎಂಜಿನ್ ಯಾರದು?

ಸಿದ್ದಾಪುರದಿಂದ ಒಂದೆರಡು ಬಸ್ಸು ಬದಲಾಯಿಸಿ, ದೊಮ್ಮಲೂರು, ಹಳೇ ವಿಮಾನ ನಿಲ್ದಾಣ ದಾಟಿ ಮಾರತಹಳ್ಳಿ ಕಡೆ ಹೋದರೆ ಎಚ್‌ಎಎಲ್‌ನವರ ವಿಮಾನ ಮ್ಯೂಸಿಯಂ ಸಿಗುತ್ತೆ. 2001ರಲ್ಲಿ ತೆರೆದದ್ದು. ಮಕ್ಕಳನ್ನು ಕರೆದುಕೊಂಡು ಹೋದವರು ಎಚ್‌ಟಿ-2, ಕಿರಣ್, ಅಜೀತ್, ಮಿಗ್-21 ಎಲ್ಲದರ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ಅಲ್ಲೇ ನಿಂತಿರುವ ಮಾರುತ್ ವಿಮಾನದ ಕಥೆ ಕೇಳುವವರು ಕಮ್ಮಿ. ಕೇಳಿದ್ದರೆ, ಇವತ್ತು ತೇಜಸ್ ವಿಷಯದಲ್ಲಿ ಆಗುತ್ತಿರುವ ಗಲಾಟೆ ಹೊಸದೇನಲ್ಲ ಅಂತ ಗೊತ್ತಾಗುತ್ತಿತ್ತು.

ಗಲಾಟೆ ಏನು?

ವಾಯುಪಡೆ 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಆರ್ಡರು ಕೊಟ್ಟಿತು. 2024ರಿಂದ ಬರಬೇಕಿತ್ತು. ಬರಲಿಲ್ಲ. 2025ರ ಫೆಬ್ರವರಿಯಲ್ಲಿ ಯಲಹಂಕದ ಏರ್ ಶೋಗೆ ಬಂದಿದ್ದ ವಾಯುಪಡೆ ಮುಖ್ಯಸ್ಥರೇ ಎಚ್‌ಎಎಲ್ ಮೇಲೆ ಬಹಿರಂಗವಾಗಿ ಬೇಸರ ತೋಡಿಕೊಂಡರು. ತಡಕ್ಕೆ ಕಾರಣ ಹಲವು, ದೊಡ್ಡದು ಎಂಜಿನ್. ಅದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬರಬೇಕು. ಆರ್ಡರು ಕೊಟ್ಟ 99 ಎಂಜಿನ್‌ಗಳಲ್ಲಿ ಮೊದಲನೆಯದು ಕೈಗೆ ಸಿಕ್ಕಿದ್ದು 2025ರ ಮಾರ್ಚಿಯಲ್ಲಿ!

ಅಂದೂ ಇದೇ ಕಥೆ

ಈಗ ಮಾರುತ್ ವಿಷಯಕ್ಕೆ ಬನ್ನಿ. 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ನಮ್ಮ ಎಂಜಿನಿಯರುಗಳ ಜೊತೆ ಕೂತು ಅದರ ನಕ್ಷೆ ಹಾಕಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಮೊದಲ ಸಲ ಹಾರಿಸಿದರು. ಶಬ್ದದ ಎರಡು ಪಟ್ಟು ವೇಗ ಮುಟ್ಟಬೇಕೆಂದು ಆಸೆ. ಸಿಕ್ಕಿದ್ದು ಬ್ರಿಟಿಷರ ಆರ್ಫಿಯಸ್ ಎಂಜಿನ್. ಇಲ್ಲೇ ಬೆಂಗಳೂರಲ್ಲೇ ತಯಾರಾಗುತ್ತಿತ್ತು ನಿಜ, ಆದರೆ ನಕ್ಷೆ ಅವರದು, ಕೂಲಿ ನಮ್ಮದು. ಹೆಚ್ಚು ಬಲದ ಎಂಜಿನ್ ಮಾಡಿಕೊಡಲು ಕಂಪನಿ ದುಡ್ಡು ಕೇಳಿತು, ದಿಲ್ಲಿ ಕೊಡಲಿಲ್ಲ. ಈಜಿಪ್ಟಿನ ಎಂಜಿನ್ ಹಾಕಿ ನೋಡುವ ಪ್ರಯತ್ನವೂ ಕೈಕೊಟ್ಟಿತು. ಮಾರುತ್ ಶಬ್ದದ ವೇಗದ ಹತ್ತಿರಕ್ಕೇ ಏದುಸಿರು ಬಿಟ್ಟಿತು.

ಇದ್ದ ಎಂಜಿನ್ನಿಗೇ ಬಲ ಕೂಡಿಸಿ ಪರೀಕ್ಷೆ ಮಾಡುವಾಗ, 1970ರ ಜನವರಿ 10ರಂದು, ಅದೇ ಸುರಂಜನ್ ದಾಸ್ ಅಪಘಾತದಲ್ಲಿ ತೀರಿಕೊಂಡರು. ಎಚ್‌ಎಎಲ್ ಕಡೆಯಿಂದ ಹಳೇ ಮದ್ರಾಸು ರಸ್ತೆಗೆ ಹೋಗುವ ಬಸ್ಸಿನವರು ದಿನಾ ಹಾದುಹೋಗುವ ಸುರಂಜನ್ ದಾಸ್ ರಸ್ತೆ ಇವರ ಹೆಸರಿನದೇ.

ಹಾಗಂತ ಮಾರುತ್ ದಂಡವಾಗಲಿಲ್ಲ. ಒಟ್ಟು 147 ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಚೆನ್ನಾಗಿಯೇ ದುಡಿದವು. ಆದರೆ ಮುಂದಿನ ಪೀಳಿಗೆ ಹುಟ್ಟಲಿಲ್ಲ. ಕಲಿತ ಕೈಗಳು ಚದುರಿಹೋದವು.

ಎಂಜಿನ್ ಅಷ್ಟು ಕಷ್ಟವೇ?

ಹೌದು. ಒಳಗೆ ಸುತ್ತುವ ಅಲಗುಗಳ ಮೇಲೆ ಬೀಸುವ ಅನಿಲದ ಕಾವು, ಆ ಲೋಹವೇ ಕರಗುವ ಕಾವಿಗಿಂತ ಹೆಚ್ಚು. ಅವನ್ನು ಕರಗದಂತೆ ಕಾಪಾಡುವುದೇ ಗುಟ್ಟು. ಗುಟ್ಟು ಗೊತ್ತಿರುವ ದೇಶಗಳು ಬೆರಳೆಣಿಕೆಯಷ್ಟು. ಎಂಜಿನ್ ಮಾರುತ್ತಾರೆ, ಗುಟ್ಟು ಮಾರುವುದಿಲ್ಲ. ನಾವೂ ಕೈಕಟ್ಟಿ ಕೂತಿಲ್ಲ. 1989ರಲ್ಲಿ ಕಾವೇರಿ ಎಂಜಿನ್ ಯೋಜನೆಗೆ ಮಂಜೂರಾತಿ ಸಿಕ್ಕಿತು. ಕೆಲಸ ನಡೆದದ್ದು ಬೆಂಗಳೂರಿನಲ್ಲೇ. ಬೇಕಾದಷ್ಟು ಬಲ ಬಾರದೆ 2008ರಲ್ಲಿ ಅದನ್ನು ತೇಜಸ್‌ನಿಂದ ಬೇರೆ ಮಾಡಿದರು.

ಸಿದ್ದಾಪುರದ ಯಾವ ಅಂಗಡಿಯವರನ್ನು ಕೇಳಿದರೂ ಹೇಳುತ್ತಾರೆ: ಅಂಗಡಿ ಸ್ವಂತದ್ದಿದ್ದು ತಕ್ಕಡಿ ಪಕ್ಕದವನದಾದರೆ, ಅವನು ಕೊಟ್ಟಾಗಲೇ ವ್ಯಾಪಾರ. ಇದು ಬರೀ ಎಚ್‌ಎಎಲ್‌ನವರ ಸೋಮಾರಿತನ ಅಂತ ಬೈದು ಸುಮ್ಮನಾಗುವ ವಿಷಯ ಅಲ್ಲ. ಎಂಜಿನ್ನಿಗೆ ದುಡ್ಡು ಸುರಿದು ಹತ್ತಿಪ್ಪತ್ತು ವರ್ಷ ಕಾಯುವ ತಾಳ್ಮೆ ದಿಲ್ಲಿಗೆ ಬೇಕು. ಒಂದು ಸಲ ಸೋತರೆ ಫೈಲು ಮುಚ್ಚಬಾರದು. ಅರವತ್ತರ ದಶಕದಲ್ಲಿ ಉಳಿಸಿದ ದುಡ್ಡಿಗೆ ಈಗ ಬಡ್ಡಿ ಕಟ್ಟುತ್ತಿದ್ದೇವೆ.

ಮುಂದಿನ ರಜೆಗೆ ಮಕ್ಕಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋದವರು ವಿಮಾನಗಳ ರೆಕ್ಕೆ ನೋಡಿಯೇ ತಿರುಗಿ ಬರಬಾರದು. ಒಳಗಡೆ ಎಂಜಿನ್‌ಗಳನ್ನು ಸಾಲಾಗಿ ಇಟ್ಟಿದ್ದಾರೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಲಿ.