ಮದರ್ ಬೋರ್ಡ್ ಬದಲಿಸಿ, ಸಂಸಾರವನ್ನಲ್ಲ

“ಅಂಕಲ್, ಇದರ ಕಥೆ ಮುಗೀತು. ಪೂರಾ ಸೆಟ್ ಹೊಸದೇ ತಗೊಳ್ಳಿ.”

ಕಂಪ್ಯೂಟರ್ ಅಂಗಡಿಯ ಮೆಟ್ಟಿಲು ಹತ್ತಿದ ನಮ್ಮ ವಯಸ್ಸಿನವರಿಗೆ ಸಿಗುವ ಮೊದಲ ಆಶೀರ್ವಾದ ಇದು. ಒಮ್ಮೆ ಹಿಂದಿಯಲ್ಲಿ, ಒಮ್ಮೆ ಮರಾಠಿಯಲ್ಲಿ, ಅಷ್ಟೇ ವ್ಯತ್ಯಾಸ. ಡಬ್ಬಿ ಬಿಚ್ಚಿ ನೋಡುವುದಿಲ್ಲ, ಒಳಗೆ ಏನೇನಿದೆ ಎಂದು ಕೇಳುವುದಿಲ್ಲ. ಯಾವ ವರ್ಷ ಕೊಂಡಿರಿ ಎಂಬುದೊಂದೇ ಪ್ರಶ್ನೆ. 2016 ಎಂದರೆ ಸಾಕು, ತಿಥಿಯ ದಿನವನ್ನೇ ಗೊತ್ತು ಮಾಡಿಬಿಡುತ್ತಾರೆ! ಈ ಮಾತನ್ನು ನಂಬಬೇಡಿ ಎಂದು ಹೇಳುವುದಕ್ಕೇ ಇಂದಿನ ಈ ಬರಹ.

ನಾನು ಬಿ.ಕಾಂ. ಓದಿ ಬ್ಯಾಂಕು ಸೇರಿದವನು, ಇಂಜಿನಿಯರ್ ಅಲ್ಲ. ಆದರೆ ಸವಕಳಿ ಎಂದರೇನು ಎಂದು ಬಲ್ಲೆ. ಬ್ಯಾಂಕುಗಳ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇಕಡಾ 33.33ರಂತೆ ಸವಕಳಿ. ಮೂರು ವರ್ಷಕ್ಕೆ ಪುಸ್ತಕದಲ್ಲಿ ಅದರ ಬೆಲೆ ಸೊನ್ನೆ. ಹಾಗೆಂದು ನಾಲ್ಕನೇ ವರ್ಷದ ಮೊದಲ ದಿನ ಯಾವ ಶಾಖೆಯವರೂ ಅದನ್ನು ಕಿಟಕಿಯಿಂದ ಎಸೆಯುವುದಿಲ್ಲ. ಅದರ ಮೇಲೇ ದುಡಿಯುತ್ತಾರೆ. ಪುಸ್ತಕದ ಬೆಲೆ ಬೇರೆ, ಉಪಯೋಗದ ಬೆಲೆ ಬೇರೆ. ಅಂಗಡಿಯವರು ಮೊದಲನೆಯದನ್ನು ತೋರಿಸಿ ಎರಡನೆಯದನ್ನು ನಮ್ಮಿಂದ ಮರೆಸುತ್ತಾರೆ.

ನಮ್ಮ ವರ್ತಕ ನಗರವನ್ನೇ ನೋಡಿ. ಮ್ಹಾಡಾದ ಹಳೆಯ ಕಟ್ಟಡಗಳು ಉರುಳಿ ಆ ಜಾಗದಲ್ಲಿ ಗೋಪುರಗಳು ಏಳುತ್ತಿವೆ. ರಿಡೆವಲಪ್‌ಮೆಂಟ್ ಎಂಬ ಶಬ್ದ ಇಲ್ಲಿ ಹಾಲಿನವನ ಬಾಯಲ್ಲೂ ಇದೆ. ಆದರೆ ಕಟ್ಟಡ ಬಿತ್ತೆಂದು ಯಾರಾದರೂ ಕಬ್ಬಿಣದ ಕಪಾಟು, ತಾಯಿ ಕೊಟ್ಟ ಒರಳುಕಲ್ಲು, ಹಿತ್ತಾಳೆ ಪಾತ್ರೆಗಳನ್ನೂ ಅದರ ಜೊತೆಗೆ ಬಿಟ್ಟು ಬಂದಿದ್ದಾರೆಯೇ? ಟೆಂಪೋಗೆ ಹೇರಿಕೊಂಡು ಹೋಗುತ್ತಾರೆ. ಹೊಸ ಫ್ಲಾಟಿನ ಬಾಗಿಲಲ್ಲಿ ಕಪಾಟು ತೂರುತ್ತದೋ ಇಲ್ಲವೋ ಎಂದು ಮೊದಲೇ ಅಳೆಯುತ್ತಾರೆ. ಕಂಪ್ಯೂಟರಿನಲ್ಲಿ ಮದರ್ ಬೋರ್ಡ್ ಎಂದರೆ ಕಟ್ಟಡ. ರ‍್ಯಾಮ್, ಡಿಸ್ಕ್, ಕ್ಯಾಬಿನೆಟ್, ಮಾನಿಟರ್ ಎಲ್ಲ ಸಂಸಾರದ ಸಾಮಾನು. ಕಟ್ಟಡ ಹಳೆಯದಾದರೆ ಕಟ್ಟಡ ಬದಲಿಸೋಣ. ಸಾಮಾನನ್ನೇಕೆ ಬೀದಿಗೆ ಹಾಕಬೇಕು?

ಇಷ್ಟಕ್ಕೂ ಈ ಹಳೆಯ ಕಂಪ್ಯೂಟರುಗಳು ಒಮ್ಮೆಗೇ “ಸತ್ತದ್ದು” ಹೇಗೆ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಇರಬೇಕು, ಪ್ರೊಸೆಸರ್ ಅವರ ಪಟ್ಟಿಯಲ್ಲಿರಬೇಕು. ಇಂಟೆಲ್‌ನದಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರಿಂದ ಈಚಿನದು. ಆರನೇ ತಲೆಮಾರಿನ ಐ5-6500 ನಾಲ್ಕು ಕೋರುಗಳ, 3.2 ಗಿಗಾಹರ್ಟ್ಸ್‌ನ ಪ್ರೊಸೆಸರ್. ವಿಂಡೋಸ್ 11 ಕೇಳುವುದು ಎರಡು ಕೋರು, 1 ಗಿಗಾಹರ್ಟ್ಸ್, 4 ಜಿಬಿ ರ‍್ಯಾಮ್. ಆದರೂ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಏಳನೇ ತಲೆಮಾರಿನವೂ ಹೆಚ್ಚುಕಡಿಮೆ ಎಲ್ಲ ಹೊರಗೆ. ತಮಾಷೆ ಏನು ಗೊತ್ತೇ? 2021ರ ಆಗಸ್ಟಿನಲ್ಲಿ ಆ ತಲೆಮಾರಿನ ಐ7-7820ಎಚ್‌ಕ್ಯು ಎಂಬುದಕ್ಕೆ ರಿಯಾಯಿತಿ ಸಿಕ್ಕಿತು. ಅದು ಮೈಕ್ರೋಸಾಫ್ಟಿನದೇ ಸರ್ಫೇಸ್ ಸ್ಟುಡಿಯೋ 2ರಲ್ಲಿದ್ದ ಪ್ರೊಸೆಸರ್. ತನ್ನ ಮನೆಯ ಮಗುವಿಗೆ ಮಾತ್ರ ಪಂಕ್ತಿಯಲ್ಲಿ ಎಲೆ!

ಹಾಗಾದರೆ ಹಳೆಯ ವಿಂಡೋಸಿನಲ್ಲೇ ಇರೋಣ ಎಂದು ನಾನು ಹೇಳುವುದಿಲ್ಲ. ನಮ್ಮವರು ಅನೇಕರು ನಿವೃತ್ತರು. ಪಿಂಚಣಿ, ಎಫ್‌ಡಿ, ವಿದ್ಯುತ್ ಬಿಲ್ಲು ಎಲ್ಲ ಮನೆಯ ಕಂಪ್ಯೂಟರಿನಲ್ಲೇ. ಭದ್ರತಾ ಅಪ್‌ಡೇಟ್ ಬಾರದ ಯಂತ್ರದಲ್ಲಿ ನೆಟ್ ಬ್ಯಾಂಕಿಂಗ್ ಮಾಡುವುದೆಂದರೆ ಚಿಲಕವಿಲ್ಲದ ಮನೆಯಲ್ಲಿ ಮಲಗಿದಂತೆ. ಬದಲಾವಣೆ ಬೇಕು. ಎಷ್ಟು ಬೇಕು ಎನ್ನುವುದೇ ನನ್ನ ಜಗಳ.

ಈ ಜಗಳಕ್ಕೆ ಇನ್ನೊಂದು ಪಕ್ಷವೂ ಇದೆ, ಪ್ರೊಸೆಸರ್ ಮಾಡುವವರು. 2015ರಲ್ಲಿ ಇಂಟೆಲ್ ಎಲ್‌ಜಿಎ 1151 ಎಂಬ ಸಾಕೆಟ್ ತಂದಿತು. 2017ರ ಕೊನೆಗೆ ಬಂದ ಎಂಟನೇ ತಲೆಮಾರಿಗೂ ಅದೇ 1151 ಸಂಪರ್ಕಗಳು, ಅದೇ ಅಳತೆ. ಆದರೂ ಹಳೆಯ ಬೋರ್ಡಿನಲ್ಲಿ ನಡೆಯದು, ಹೊಸ ಚಿಪ್‌ಸೆಟ್ಟಿನ ಬೋರ್ಡೇ ಬೇಕು ಎಂದರು. ವಿದ್ಯುತ್ ಸರಬರಾಜಿಗೆ ಹೆಚ್ಚು ಪಿನ್ನು ಬೇಕಾಯಿತು ಎಂಬುದು ಅವರು ಕೊಟ್ಟ ಕಾರಣ. ಆಮೇಲೆ ಹವ್ಯಾಸಿಗಳು ಬಯೋಸ್ ತಿದ್ದಿ ಹಳೆಯ ಬೋರ್ಡುಗಳಲ್ಲೇ ಆ ಪ್ರೊಸೆಸರುಗಳನ್ನು ಓಡಿಸಿ ತೋರಿಸಿದರು. ನಂತರ 2020ರಲ್ಲಿ 1200, 2021ರಲ್ಲಿ 1700, 2024ರಲ್ಲಿ 1851. ಬಾಡಿಗೆ ಕರಾರು ಹನ್ನೊಂದು ತಿಂಗಳಿಗೊಮ್ಮೆ ಬದಲಾದ ಹಾಗೆ.

ಬೇರೆ ದಾರಿಯೇ ಇರಲಿಲ್ಲವೇ? ಇತ್ತು. ಎಎಂಡಿಯ ಎಎಂ4 ಸಾಕೆಟ್ ನೋಡಿ. 2017ರ ರೈಜನ್‌ಗೂ 2022ರ ರೈಜನ್‌ಗೂ ಅದೇ ಸಾಕೆಟ್. ಅದೂ ತಾನಾಗಿ ಬಂದ ಔದಾರ್ಯವಲ್ಲ. 2020ರ ಮೇ ತಿಂಗಳಲ್ಲಿ ಎಎಂಡಿ ಕೂಡ, ಮುಂದಿನ ಪ್ರೊಸೆಸರುಗಳು ಬಿ450, ಎಕ್ಸ್470 ಬೋರ್ಡುಗಳಲ್ಲಿ ನಡೆಯವು, ಬಯೋಸ್ ಚಿಪ್ಪಿನಲ್ಲಿ ಜಾಗ ಸಾಲದು ಎಂದಿತ್ತು. ಕೊಂಡವರು ಗಲಾಟೆ ಎಬ್ಬಿಸಿದರು. ಎರಡೇ ವಾರದೊಳಗೆ ಜಾಗ ಹೊಂದಿಕೊಂಡಿತು! 2022ರಲ್ಲಿ ಇನ್ನೂ ಹಳೆಯ 300 ಸರಣಿಯ ಬೋರ್ಡುಗಳಿಗೂ ಒಪ್ಪಿಗೆ ಸಿಕ್ಕಿತು. “ತಾಂತ್ರಿಕವಾಗಿ ಅಸಾಧ್ಯ” ಎಂಬ ಮಾತಿನಲ್ಲಿ ತಂತ್ರ ಎಷ್ಟು, ವ್ಯಾಪಾರ ಎಷ್ಟು ಎಂದು ಇದರಿಂದಲೇ ಲೆಕ್ಕ ಹಾಕಿಕೊಳ್ಳಿ.

ಇನ್ನು ನಮ್ಮ ಕೆಲಸಕ್ಕೆ ಬರೋಣ. ಬೋರ್ಡನ್ನು ಅಂಗಡಿಯವರ ಕಪಾಟು ನೋಡಿ ಆರಿಸಬೇಡಿ. ಮನೆಯಲ್ಲೇ ಡಬ್ಬಿ ಬಿಚ್ಚಿ, ಒಂದು ಹಾಳೆಯಲ್ಲಿ ಆಸ್ತಿಪಟ್ಟಿ ಬರೆದುಕೊಂಡು ಹೋಗಿ.

ಮೊದಲು ರ‍್ಯಾಮ್. ಡಿಡಿಆರ್3 ಆದರೆ ಹೊಸ ಬೋರ್ಡಿನಲ್ಲಿ ಕೂರುವುದಿಲ್ಲ, ಅದರ ಋಣ ತೀರಿತು. ಡಿಡಿಆರ್4 ಆದರೆ ಅದು ಬಂಗಾರ. ಡಿಡಿಆರ್5ಕ್ಕೂ 288 ಪಿನ್ನುಗಳೇ ಆದರೂ ನಡುವಿನ ಕಚ್ಚು ಬೇರೆ ಕಡೆ ಇದೆ, ಒಂದರ ಜಾಗದಲ್ಲಿ ಇನ್ನೊಂದು ಹೋಗದು. ಎಎಂ5 ಬೋರ್ಡುಗಳಿಗೆ ಡಿಡಿಆರ್5 ಮಾತ್ರ. ಆದರೆ ಎಎಂ4 ಬೋರ್ಡುಗಳು ಡಿಡಿಆರ್4ನವು. ಇಂಟೆಲ್ 1700 ಸಾಕೆಟ್ಟಿನ ಎಚ್610, ಬಿ660 ಬೋರ್ಡುಗಳಲ್ಲಿ ಎರಡೂ ಬಗೆ ಬಂದಿವೆ. ಪೆಟ್ಟಿಗೆಯ ಮೇಲೆ “ಡಿ4” ಎಂದಿದೆಯೇ ನೋಡಿ, ಕೇಳಿ, ಬಿಲ್ಲಿನಲ್ಲಿ ಬರೆಸಿ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರುಗಳ ಹಸಿವಿಗೆ ರ‍್ಯಾಮ್ ಬೆಲೆ ಗಗನಕ್ಕೇರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ಮನೆಬಳಕೆಯವರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರದಿಂದಲೇ ಹೊರಹೋಗುವುದಾಗಿ ಘೋಷಿಸಿತು. ಇಂಥ ಕಾಲದಲ್ಲಿ ಕೈಯಲ್ಲಿರುವ 16 ಜಿಬಿಯನ್ನು ಭಂಗಾರ್‌ವಾಲಾನಿಗೆ ತೂಗಿ ಕೊಡುವುದೇ?

ಸಾಟಾ ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್ ಹೊಸ ಬೋರ್ಡಿನಲ್ಲೂ ನಡೆಯುತ್ತವೆ. ಸಾಟಾ ಪೋರ್ಟು ಎಷ್ಟಿವೆ ಎಂದು ಎಣಿಸಿ. ಕ್ಯಾಬಿನೆಟ್ ಎಟಿಎಕ್ಸ್ ಅಥವಾ ಮೈಕ್ರೋ ಎಟಿಎಕ್ಸ್ ಆಗಿದ್ದರೆ, 244 ಮಿಲಿಮೀಟರ್ ಚೌಕದ ಮೈಕ್ರೋ ಬೋರ್ಡು ಧಾರಾಳವಾಗಿ ಕೂರುತ್ತದೆ. ಮಾನಿಟರಿಗೆ ವಿಜಿಎ ಮಾತ್ರ ಇದ್ದರೆ ವಿಜಿಎ ಇರುವ ಬೋರ್ಡೇ ಕೇಳಿ, ಇನ್ನೂ ಇವೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದವರು ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ “ಎಫ್” ಇರುವ ಪ್ರೊಸೆಸರ್ ಕೊಳ್ಳಬೇಡಿ. ಎಎಂ4ನಲ್ಲಿ “ಜಿ” ಇರುವುದನ್ನೇ ಕೊಳ್ಳಿ. ಇಲ್ಲದಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ.

ಬಿಡಬೇಕಾದ್ದನ್ನೂ ಹೇಳಿಬಿಡುತ್ತೇನೆ. ಹತ್ತು ವರ್ಷದ ಎಸ್‌ಎಂಪಿಎಸ್ ಬೇಡ. ಒಳಗಿನ ಕೆಪಾಸಿಟರುಗಳು ಸೊರಗಿರುತ್ತವೆ, ಕೆಟ್ಟರೆ ಹೊಸ ಬೋರ್ಡನ್ನೂ ಸುಟ್ಟುಬಿಡಬಹುದು. 1151ರ ಫ್ಯಾನು 1700ಕ್ಕೆ ಕೂರುವುದಿಲ್ಲ, ತೂತುಗಳ ಅಂತರ 75ರಿಂದ 78 ಮಿಲಿಮೀಟರ್ ಆಗಿದೆ. ಹಳೆಯ ಹಾರ್ಡ್ ಡಿಸ್ಕನ್ನು ಇಟ್ಟುಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ. ಬರಹದಲ್ಲಿ, ನುಡಿಯಲ್ಲಿ ಟೈಪ್ ಮಾಡಿದ ಕನ್ನಡ ಕಡತಗಳಿದ್ದರೆ ಇನ್ನೊಂದು ಪ್ರತಿ ಮಾಡಿ. ಬಿಟ್‌ಲಾಕರ್ ಹಾಕಿದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಬೋರ್ಡು ಬದಲಾದರೆ ಅದನ್ನು ಕೇಳುತ್ತದೆ. ಕಂಪ್ಯೂಟರಿನ ಜೊತೆಗೇ ಬಂದ ಓಇಎಂ ವಿಂಡೋಸ್ ಲೈಸೆನ್ಸು ಹಳೆಯ ಬೋರ್ಡಿಗೆ ಅಂಟಿದ್ದು, ಅದರೊಂದಿಗೇ ಹೋಗುತ್ತದೆ. ಬಿಡಿಯಾಗಿ ಕೊಂಡ ರಿಟೇಲ್ ಲೈಸೆನ್ಸನ್ನು ಒಯ್ಯಬಹುದು. ವಿಂಡೋಸೇ ಬೇಡವೆಂದರೆ ಲಿನಕ್ಸ್ ಇದೆ. ಅದರಲ್ಲಿ ಕನ್ನಡ ಚೆನ್ನಾಗಿಯೇ ಬರುತ್ತದೆ, ಬೋರ್ಡು ಬದಲಿಸುವ ಖರ್ಚೂ ಉಳಿಯಬಹುದು.

ನಮ್ಮ ಮನೆಯ ಲೆಕ್ಕ ಕೇಳಿ. ಒಂದು ಅಂಗಡಿಯಲ್ಲಿ ಕೊಟ್ಟ ಕೊಟೇಶನ್ 61,000 ರೂಪಾಯಿ, ಮಾನಿಟರ್ ಸಮೇತ “ಪೂರಾ ಸೆಟ್”. ನಾನು ಕೊಂಡದ್ದು ಡಿಡಿಆರ್4ನ ಎಚ್610 ಬೋರ್ಡು, ಫ್ಯಾನಿನೊಂದಿಗೆ ಐ3-12100, ಒಂದು ಒಳ್ಳೆಯ ಎಸ್‌ಎಂಪಿಎಸ್. ಒಟ್ಟು 19,800. ಉಳಿದದ್ದೆಲ್ಲ ಹಳೆಯದೇ. ಟಿಪಿಎಂ ಇದೆ, ವಿಂಡೋಸ್ 11 ಓಡುತ್ತಿದೆ. ನನ್ನವಳು ಕೇಳಿದ್ದು ಒಂದೇ ಮಾತು: “ಹೊಸದು ಎಲ್ರೀ? ಡಬ್ಬಿ ಅದೇ ಇದೆಯಲ್ಲ!”

ಇದು ಬರೀ ದುಡ್ಡಿನ ಮಾತೂ ಅಲ್ಲ. 2022ರಲ್ಲಿ ಜಗತ್ತು ಹೊರಹಾಕಿದ ಇ-ಕಸ 6.2 ಕೋಟಿ ಟನ್. ಸರಿಯಾದ ರೀತಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆ ಇರುವುದು ಶೇಕಡಾ 22.3ಕ್ಕೆ ಮಾತ್ರ. ನಮ್ಮಲ್ಲಿ ಹೊಸ ಇ-ಕಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಾಗಿವೆ. ದುರಸ್ತಿಯ ಹಕ್ಕಿಗೆಂದು ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಸಮಿತಿಯನ್ನೂ ಮಾಡಿತು. ಒಳ್ಳೆಯದೇ. ಆದರೆ ಓಡುತ್ತಿರುವ ಯಂತ್ರವನ್ನು ಒಂದು ಪಟ್ಟಿ, ಒಂದು ಸಾಕೆಟ್ ಕಸ ಮಾಡಿದರೆ ದುರಸ್ತಿ ಮಾಡಲು ಉಳಿಯುವುದಾದರೂ ಏನು? ಯೂರೋಪಿನ ಗ್ರಾಹಕ ಸಂಘಗಳು ಪಟ್ಟು ಹಿಡಿದದ್ದಕ್ಕೆ 2025ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಅಲ್ಲಿನವರಿಗೆ ವಿಂಡೋಸ್ 10ರ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟನ್ನು ಶುಲ್ಕವಿಲ್ಲದೆ ಕೊಡಲು ಒಪ್ಪಿ, ಬ್ಯಾಕಪ್ಪಿನ ಶರತ್ತನ್ನೂ ಬಿಟ್ಟಿತು. ನಮಗೆ ಆ ಸಡಿಲಿಕೆ ಇಲ್ಲ. ನಾವು ಕೇಳಲೇ ಇಲ್ಲವಲ್ಲ!

ಗ್ರಾಹಕ ಸಂಘಗಳಿಗೆ ಬರೆಯಿರಿ. ಅಂಗಡಿಗೆ ಹೋದಾಗ ಆಸ್ತಿಪಟ್ಟಿ ಕೈಯಲ್ಲಿರಲಿ. “ಪೂರಾ ಸೆಟ್” ಎಂದವರಿಗೆ “ಯಾವ ಭಾಗ ಕೆಟ್ಟಿದೆ, ತೋರಿಸಿ” ಎನ್ನಿ. ತೋರಿಸಲಾಗದಿದ್ದರೆ ನಮಸ್ಕಾರ ಹೇಳಿ ಪಕ್ಕದ ಅಂಗಡಿಗೆ ನಡೆಯಿರಿ. ಏನಂತೀರಿ?