ನಂಬರಿಲ್ಲದ ಜೀಪಿಗೆ ಬಾವುಟ ಬೇಡ

ಕನ್ನಡದ ತರುಣರೇ,

ಮಳೆ ಬಿತ್ತೆಂದರೆ ಶನಿವಾರ ರಾತ್ರಿ ಬೆಂಗಳೂರಿನಿಂದ ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆಗೆ ಜೀಪುಗಳು ಹೊರಡುತ್ತವೆ. ದಪ್ಪ ಚಕ್ರ, ಎತ್ತರಿಸಿದ ಮೈ, ಬಾನೆಟ್ಟಿನ ಮೇಲೆ ಹಳದಿ-ಕೆಂಪು ಬಾವುಟ. ಕೆಲವಕ್ಕೆ ಎಲ್ಲವೂ ಇರುತ್ತದೆ, ನಂಬರ್ ಪ್ಲೇಟ್ ಮಾತ್ರ ಇರುವುದಿಲ್ಲ. ಕೇಳಿದರೆ, "ಇದು ರಸ್ತೆ ಗಾಡಿಯಲ್ಲ ಸಾರ್, ಗುಡ್ಡದ ಗಾಡಿ. ಇದಕ್ಕೇಕೆ ರಿಜಿಸ್ಟ್ರೇಷನ್?" ಎನ್ನುತ್ತಾರೆ.

ಈ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಂ ಓದಿ. ನೋಂದಣಿಯಾಗದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಾಗಲಿ, ಬೇರೆ ಯಾವುದೇ ಸ್ಥಳದಲ್ಲಾಗಲಿ ಓಡಿಸುವಂತಿಲ್ಲ. ಸಾರ್ವಜನಿಕ ಸ್ಥಳವೆಂದರೆ ಟಾರು ರಸ್ತೆ ಮಾತ್ರವಲ್ಲ, ಜನರಿಗೆ ಹೋಗಿಬರುವ ಹಕ್ಕಿರುವ ಯಾವ ಜಾಗವೂ ಹೌದು. ಕಾರ್ಖಾನೆ ಅಥವಾ ಬೇಲಿಯೊಳಗಿನ ಆವರಣಕ್ಕೆಂದೇ ಮಾಡಿದ ವಿಶೇಷ ಗಾಡಿಗೆ ವಿನಾಯಿತಿ ಇದೆ. ಊರಿನ ಗೋಮಾಳ ಯಾರಪ್ಪನ ಆವರಣ?

ದಂಡ ಮೊದಲ ಸಲಕ್ಕೆ 2,000ದಿಂದ 5,000 ರೂಪಾಯಿ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲೂ ಆಗಬಹುದು. ಆದರೆ ನನ್ನ ಚಿಂತೆ ದಂಡದ್ದಲ್ಲ.

ದನ ಮೇಯಿಸುವ ಮುದುಕನಿಗೆ ನಿಮ್ಮ ಜೀಪು ಗುದ್ದಿ ಹೋಯಿತೆನ್ನಿ. ನಂಬರ್ ಇದ್ದರೆ ಮಾಲೀಕ ಸಿಗುತ್ತಾನೆ, ವಿಮೆ ಸಿಗುತ್ತದೆ, ಆ ಮನೆಯವರು ನ್ಯಾಯಮಂಡಳಿಯ ಮುಂದೆ ಪರಿಹಾರ ಕೇಳಬಹುದು. ಗಾಡಿ ಯಾರದ್ದೆಂದೇ ಗೊತ್ತಾಗದಿದ್ದರೆ? 2022ರಿಂದ ಇರುವ ನಿಯಮದಂತೆ ಸತ್ತರೆ 2 ಲಕ್ಷ, ತೀವ್ರ ಗಾಯವಾದರೆ 50,000 ರೂಪಾಯಿ. ಅಷ್ಟೇ! ಆ ಸತ್ತವನೂ ಕನ್ನಡಿಗನೇ ಅಲ್ಲವೇ?

ನಾನು ಪ್ರೆಸ್ ನಡೆಸುವವನು. ಚುನಾವಣೆಯ ಒಂದು ಕರಪತ್ರದಲ್ಲಿ ಮುದ್ರಕನ ಹೆಸರು, ವಿಳಾಸ ಇಲ್ಲದಿದ್ದರೆ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಂತೆ ನನಗೆ ಆರು ತಿಂಗಳವರೆಗೆ ಜೈಲಾಗಬಹುದು. ಒಂದು ಹಾಳೆ ಕಾಗದಕ್ಕೇ ಹೆಸರು ಹೇಳುವ ಹೊಣೆ ಇರುವಾಗ, ಟನ್ನುಗಟ್ಟಲೆ ಕಬ್ಬಿಣಕ್ಕೆ ಬೇಡವೇ?

ಇನ್ನೊಂದು ಮಾತು. ನಂಬರ್ ಇದ್ದ ಮಾತ್ರಕ್ಕೆ ಕಾಡು ನಿಮ್ಮದಾಗುವುದಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧ. ಹುಲ್ಲುಗುಡ್ಡದಲ್ಲಿ ಚಕ್ರ ಕೊರೆದ ಗೆರೆ ಮುಂದಿನ ಮಳೆಗೆ ಕೊರಕಲಾಗುತ್ತದೆ. ಮಣ್ಣು ಹಳ್ಳಕ್ಕೆ ಹೋಗುತ್ತದೆ.

ಸರ್ಕಾರಕ್ಕೂ ಕೆಲಸವಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1971ರಲ್ಲೇ ಕಾನೂನು ಮಾಡಿ, ರಸ್ತೆಗಿಳಿಯದ ಗಾಡಿಗಳಿಗೂ ಗುರುತಿನ ಚೀಟಿ ಕಡ್ಡಾಯ ಮಾಡಿತು. ಅದರ ಶುಲ್ಕದ ಹಣ ಆ ಗಾಡಿಗಳ ಹಾದಿಗಳ ನಿರ್ವಹಣೆಗೂ ಹೋಗುತ್ತದೆ. ನಮ್ಮಲ್ಲೂ ಓಡಿಸಬಹುದಾದ ಜಾಗ ಗುರುತಿಸಲಿ, ಶುಲ್ಕ ಪಡೆಯಲಿ, ಆ ಹಣ ಆ ಊರಿನ ಪಂಚಾಯಿತಿಗೆ ಸೇರಲಿ.

ನಂಬರ್ ಪ್ಲೇಟಿನಲ್ಲಿ ಕನ್ನಡ ಅಂಕಿ ಬೇಕೆಂದು ನಾವು ಕೇಳುವವರು. 1989ರ ಕೇಂದ್ರ ನಿಯಮ ಇಂಗ್ಲಿಷ್ ಅಕ್ಷರವನ್ನೇ ಹೇರಿದೆ. ಅದರ ವಿರುದ್ಧದ ಮಾತು ನಿಲ್ಲದು. ಆದರೆ ಪ್ಲೇಟೇ ಇಲ್ಲದವನು ಯಾವ ಬಾಯಲ್ಲಿ ಕನ್ನಡದ ಅಂಕಿ ಕೇಳುತ್ತಾನೆ?

ಮೊದಲು ನಂಬರ್ ಹಾಕಿಸಿ. ಬಾವುಟ ಆಮೇಲೆ ಕಟ್ಟಿ.