ಹಗ್ಗ ಬಿಚ್ಚುವವರು ಯಾರು?

ಕಂಬಕ್ಕೆ ಕಟ್ಟಿಹಾಕಿದ ಮಗುವನ್ನು ನಾವು ಕೇರಿಯಲ್ಲಿ ನೋಡಿದ್ದೇವೆ. ಹಿಟ್ಟಿನ ಗಿರಣಿ ಶುರುವಾದರೆ ಕಿವಿ ಮುಚ್ಚಿಕೊಂಡು ಚೀರುತ್ತದೆ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತದೆ. ಅವ್ವ ಕಳೆ ಕೀಳೋಕೆ ಹೋಗಲೇಬೇಕು, ಅದಕ್ಕೇ ಹಗ್ಗ. ಡಾಕ್ಟರು ಇದನ್ನು ಆಟಿಸಂ ಅಂತಾರೆ, ಊರ ಅಯ್ನೋರು ಹಿಂದಿನ ಜನ್ಮದ ಪಾಪ ಅಂತಾರೆ. ಓದಿಕೊಂಡವರೇನು ಕಮ್ಮಿ? ತಾಯಿಗೆ ಪ್ರೀತಿಯಿಲ್ಲದ್ದೇ ಕಾರಣವೆಂದು ಅಮೆರಿಕದ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಪುಸ್ತಕವನ್ನೇ ಬರೆದ. ಎರಡೂ ಸುಳ್ಳು. ಈ ಮಕ್ಕಳ ಮಿದುಳು ಬೆಳೆಯುವ ರೀತಿಯೇ ಬೇರೆ. ಮಾತು ಬಾರದ ಮಗುವಿಗೆ ಚೀರಾಟವೇ ಮಾತು. ಯಾವುದಕ್ಕೆ ಚೀರುತ್ತದೆ ಎಂದು ಗುರುತಿಸಿ, ಬೇಕಾದ್ದನ್ನು ಚಿತ್ರ ತೋರಿಸಿ ಕೇಳುವುದನ್ನು ಕಲಿಸಿದರೆ ಚಚ್ಚಿಕೊಳ್ಳುವುದು ಎಷ್ಟೋ ತಗ್ಗೀತು.

ಕಲಿಸೋರು ಎಲ್ಲಿದ್ದಾರೆ? ಹೆಸರಾದ ನಿಮ್ಹಾನ್ಸ್ ಬೆಂಗಳೂರಲ್ಲಿ, ವಾಕ್ ಶ್ರವಣ ಸಂಸ್ಥೆ ಮೈಸೂರಲ್ಲಿ. ಬೀದರಿನ ಕೂಲಿ ಹೆಂಗಸು ವಾರ ವಾರ ಸುಮಾರು 700 ಕಿಲೋಮೀಟರ್ ಬರೋಕಾಗುತ್ತೇನ್ರೀ?

2016ರ ಕಾಯ್ದೆ ಆಟಿಸಂ ಸೇರಿಸಿ 21 ಬಗೆಯ ಅಂಗವೈಕಲ್ಯ ಎಣಿಸಿತು. ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷದವರೆಗೆ ಅನ್ನುತ್ತದೆ. ಮೊದಲು ಕೈಯಿಂದ ಖರ್ಚು ಮಾಡಿ, ಆಮೇಲೆ ರಸೀದಿ ಕಳಿಸಿ! ಕೈಯಲ್ಲೇನಿದೆ, ಕುಡುಗೋಲು.

ತಾಲ್ಲೂಕು ಆಸ್ಪತ್ರೆಯಲ್ಲೇ ಕಲಿಸುವವರು ಕೂರಬೇಕು. ಅವ್ವ ಬಂದ ದಿನದ ಕೂಲಿ ಸರ್ಕಾರ ಕೊಡಬೇಕು. ಮೇಷ್ಟ್ರೇ, ನಿಮ್ಮ ಹಾಜರಿ ಪುಸ್ತಕದಲ್ಲಿ ಆ ಮಗುವಿನ ಹೆಸರಿದೆಯಾ?